ಉಪಾಧ್ಯಾಯರ ತರಬೇತಿ ಮತ್ತು ತೆರೆಯ ಮೇಲಣ ಪಾಠ: ಮಂಡ್ಯ ಸೀಮೆಯಿಂದ ಒಂದು ಅವಲೋಕನ

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಉತ್ಪನ್ನವಾದ ವಿದ್ಯುತ್ತು 1902ರಲ್ಲಿ ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ತಂತಿಯು ಹಾದುಹೋದ ಹಳ್ಳಿಗಳ ಶಾಲೆಗಳಿಗೆ ಅದರ ಬೆಳಕು ಬರಲು ಮಾತ್ರ ಬಹುಕಾಲ ಹಿಡಿಯಿತು. ಯಂತ್ರವು ದೂರವನ್ನು ಗೆಲ್ಲುವುದು ಬೇರೆ, ಹತ್ತಿರದವನಿಗೆ ಒದಗುವುದು ಬೇರೆ. ಉಪಾಧ್ಯಾಯರ ತರಬೇತಿಯಲ್ಲಿ ಉಪಗ್ರಹವನ್ನೂ ಗಣಕವನ್ನೂ ಬಳಸಿದ ಪ್ರಯತ್ನಗಳನ್ನು ಈ ಭೇದವನ್ನು ಮನಸ್ಸಿನಲ್ಲಿಟ್ಟು ಪರಿಶೀಲಿಸುವುದು ಉಚಿತವೆಂದು ತೋರುತ್ತದೆ.

1975ರ ಆಗಸ್ಟಿನಿಂದ ಒಂದು ವರ್ಷ ನಡೆದ ಉಪಗ್ರಹ ದೂರದರ್ಶನ ಪ್ರಯೋಗದಲ್ಲಿ ದೇಶದ ಸುಮಾರು 50,000 ಪ್ರಾಥಮಿಕ ಉಪಾಧ್ಯಾಯರು ವಿಜ್ಞಾನ ಬೋಧನೆಯ ತರಬೇತಿ ಪಡೆದರು. ಕರ್ನಾಟಕದಲ್ಲಿ ಅದರ ಲಾಭ ಉತ್ತರದ ಜಿಲ್ಲೆಗಳಿಗೆ ಸಂದಿತು. 1996ರ ಜನವರಿಯ ಪ್ರಯೋಗವು ನಮ್ಮ ವಿಷಯಕ್ಕೆ ಹೆಚ್ಚು ಮುಖ್ಯವಾದುದು. ರಾಜ್ಯದ 20 ಕೇಂದ್ರಗಳಲ್ಲಿ (ಆಗ ಇದ್ದ ಜಿಲ್ಲೆಗಳೂ ಇಪ್ಪತ್ತೇ) ಸುಮಾರು 850 ಉಪಾಧ್ಯಾಯರು ಒಂದು ವಾರ ಕಾಲ ತೆರೆಯ ಮೇಲೆ ತಜ್ಞರನ್ನು ಕಂಡರು. ಕಂಡದ್ದಷ್ಟೇ ಅಲ್ಲ, ದೂರವಾಣಿಯ ಮೂಲಕ ಅವರನ್ನು ಪ್ರಶ್ನಿಸಿದರು. ಚಿತ್ರ ಒಂದು ಕಡೆಯಿಂದ, ಮಾತು ಎರಡೂ ಕಡೆಯಿಂದ. ಒಬ್ಬ ತರಬೇತಿದಾರನಿಂದ ಇನ್ನೊಬ್ಬನಿಗೆ, ಅವನಿಂದ ಮತ್ತೊಬ್ಬನಿಗೆ ಇಳಿದುಬರುವಾಗ ವಿಷಯವು ಮೆಟ್ಟಿಲು ಮೆಟ್ಟಿಲಿಗೂ ಸೋರಿಹೋಗುವ ಹಳೆಯ ದೋಷವನ್ನು ನೀಗುವುದು ಇದರ ಉದ್ದೇಶವಾಗಿತ್ತು.

ಇದಕ್ಕೆ ತುಸು ಮುಂಚೆ, 1994–95ರಲ್ಲಿ, ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮವು (ಡಿ.ಪಿ.ಇ.ಪಿ.) ರಾಜ್ಯದಲ್ಲಿ ಮೊದಲು ಆರಿಸಿಕೊಂಡ ನಾಲ್ಕು ಜಿಲ್ಲೆಗಳಲ್ಲಿ ಬೆಳಗಾವಿ, ಕೋಲಾರ, ರಾಯಚೂರುಗಳೊಡನೆ ಮಂಡ್ಯವೂ ಸೇರಿತ್ತು. ಅದರಿಂದ ಬೆಳೆದ ಸಮೂಹ ಸಂಪನ್ಮೂಲ ಕೇಂದ್ರಗಳಲ್ಲಿ ಸುತ್ತಣ ಶಾಲೆಗಳ ಉಪಾಧ್ಯಾಯರು ಸಮಾಲೋಚನಾ ಸಭೆಗೆ ಕೂಡತೊಡಗಿದರು. ನನ್ನ ದೃಷ್ಟಿಯಲ್ಲಿ ಈ ಸಭೆ ತೆರೆಗಿಂತ ಕಡಮೆಯ ಸಾಧನವಲ್ಲ. ಭಿನ್ನರಾಶಿಯ ಪಾಠವನ್ನೇ ನೋಡೋಣ. ಎಕರೆಗೆ 40 ಗುಂಟೆಯೆಂಬುದನ್ನು ಈ ಸೀಮೆಯ ರೈತನ ಮಗು ಶಾಲೆಗೆ ಬರುವ ಮುಂಚೆಯೇ ಕೇಳಿರುತ್ತದೆ. ಹತ್ತು ಗುಂಟೆ ಎಂದರೆ ಕಾಲು ಎಕರೆ. ದೆಹಲಿಯಲ್ಲಿ ಸಿದ್ಧವಾದ ಪಾಠದಲ್ಲಿ ರೊಟ್ಟಿಯನ್ನು ಕತ್ತರಿಸುತ್ತಾರೆ. ಆ ರೊಟ್ಟಿಯನ್ನು ಗುಂಟೆಗೆ ತಿರುಗಿಸುವ ವಿದ್ಯೆ ಪಕ್ಕದ ಶಾಲೆಯ ಅನುಭವಿಯೊಡನೆ ಮಾತನಾಡುವುದರಿಂದ ಬರತಕ್ಕದ್ದು.

2001ರ ಮಾಹಿತಿ ಸಿಂಧು ಯೋಜನೆಯಲ್ಲಿ ಪ್ರೌಢಶಾಲೆಗಳಿಗೆ ಗಣಕಗಳು ಬಂದವು, ಆದರೆ ಬೋಧನೆಯು ಖಾಸಗಿ ಸಂಸ್ಥೆಗಳ ಬೋಧಕರ ಪಾಲಾಯಿತು. ಶಾಲೆಯ ಉಪಾಧ್ಯಾಯನು ಗಣಕದ ಕೊಠಡಿಯ ಹೊರಗೇ ಉಳಿದನು. 2011ರಿಂದ ವಿಷಯ ಶಿಕ್ಷಕರ ವೇದಿಕೆಯು ಇದನ್ನು ತಕ್ಕಮಟ್ಟಿಗೆ ತಿದ್ದಿತು. ಗಣಿತ, ವಿಜ್ಞಾನ, ಸಮಾಜ ವಿಜ್ಞಾನಗಳ ಉಪಾಧ್ಯಾಯರು ಉಚಿತ ತಂತ್ರಾಂಶಗಳನ್ನು ಕಲಿತು, ತಾವೇ ಪಾಠಸಾಮಗ್ರಿ ರಚಿಸಿ, ತಮ್ಮತಮ್ಮಲ್ಲಿ ಪತ್ರವ್ಯವಹಾರ ನಡೆಸಿದರು. ಇಲ್ಲಿ ಯಂತ್ರವು ಸಮಾಲೋಚನಾ ಸಭೆಯ ಕೆಲಸವನ್ನೇ ಮುಂದುವರಿಸಿತೆನ್ನಬಹುದು.

2017ರ ದೀಕ್ಷಾ ಜಾಲತಾಣ, 2020ರ ಅಕ್ಟೋಬರಿನಲ್ಲಿ ಅದರ ಮೂಲಕ ತೊಡಗಿದ ನಿಷ್ಠಾ ತರಬೇತಿ ಇವುಗಳ ಸ್ವರೂಪ ಬೇರೆ. ಶಾಲೆಗಳು ಮುಚ್ಚಿದ್ದ ಸಾಂಕ್ರಾಮಿಕದ ಕಾಲದಲ್ಲಿ ಉಪಾಧ್ಯಾಯನು ಮನೆಯಲ್ಲಿ ಕುಳಿತು 18 ಘಟಕಗಳನ್ನು ಮುಗಿಸಿ ಪ್ರಮಾಣಪತ್ರ ಪಡೆಯಬಹುದಾಯಿತು. ವ್ಯಾಪ್ತಿಯಲ್ಲಿ 1996ರ ಪ್ರಯೋಗವು ಇದರ ಮುಂದೆ ತೀರ ಚಿಕ್ಕದು. ಮೆಟ್ಟಿಲು ಮೆಟ್ಟಿಲಿಗೆ ಸೋರುವ ದೋಷವೂ ಇಲ್ಲಿಲ್ಲ. ಆದರೆ ಎಷ್ಟು ಮಂದಿ ಮುಗಿಸಿದರೆಂಬ ಅಂಕಿಯು ಕ್ಷಣದಲ್ಲಿ ದೊರೆಯುವುದರಿಂದ ಅದನ್ನೇ ಗುಣದ ಅಳತೆಯೆಂದು ಭ್ರಮಿಸುವ ಅಪಾಯವಿದೆ. ದಾಖಲೆಗಳನ್ನು ಓದಿ ರೂಢಿಯಾದ ನಮಗೆ ಇದು ಅಪರಿಚಿತವಲ್ಲ: ಕಂದಾಯದ ಲೆಕ್ಕದಿಂದ ಬೆಳೆಯ ರುಚಿ ತಿಳಿಯುವುದಿಲ್ಲ.

ಇದೇ ಪಾಠಗಳನ್ನು ಸಮೂಹ ಕೇಂದ್ರದಲ್ಲಿ ಒಟ್ಟಿಗೆ ಕುಳಿತು ನೋಡಿ, ನಡುವೆ ನಿಲ್ಲಿಸಿ, ಚರ್ಚಿಸುವುದಕ್ಕೆ ಹೊಸ ಯಂತ್ರವೇನೂ ಬೇಕಾಗಿಲ್ಲ. ನಾಲೆಯ ನೀರುಂಡ ಮದ್ದೂರಿನ ಗದ್ದೆಯ ಬದಿಯ ಶಾಲೆಗೂ ಮಳೆಯನ್ನು ನಂಬಿದ ಮಳವಳ್ಳಿಯ ಹೊಲದ ಬದಿಯ ಶಾಲೆಗೂ ಪ್ರಶ್ನೆಗಳು ಬೇರೆಬೇರೆ. ಅವನ್ನು ಕೇಳಲು ತಿಂಗಳಿಗೊಂದು ಮಧ್ಯಾಹ್ನವನ್ನು, ಸುತ್ತೋಲೆಗಳ ಓದಿಗೆ ಬಿಟ್ಟುಕೊಡದೆ, ಮೀಸಲಿಡಬೇಕು.