ಕಾರಿನಲ್ಲಿ ನಾಯಿ-ಬೆಕ್ಕಿನ ವಾಸನೆ: ಪರ್ಫ್ಯೂಮ್ ಹೊಡೆದ್ರೆ ಹೋಗಲ್ಲ, ಹೀಗೆ ಮಾಡಿ

ನಾಯಿಯನ್ನು ಪಶು ಆಸ್ಪತ್ರೆಗೆ ಕರೆದೊಯ್ಯುವಾಗ ಸೀಟಿನ ಮೇಲೆ ಮೂತ್ರ ಮಾಡಿಬಿಡುತ್ತೆ. ಒರೆಸಿ, ಪರ್ಫ್ಯೂಮ್ ತೂಗು ಹಾಕಿ ಮರೆತುಬಿಡ್ತಾರೆ. ಮಳೆಗಾಲದಲ್ಲಿ ಗಾಜು ಏರಿಸಿದ ಕೂಡಲೇ ಅದೇ ನಾತ. ಮೇಲಿನ ಬಟ್ಟೆ ಒಣಗಿದ್ದರೂ ಒಳಗಿನ ಫೋಮ್‌ಗೆ ಇಳಿದ ಮೂತ್ರದ ಅಂಶ ಅಲ್ಲೇ ಇರುತ್ತೆ, ತೇವ ತಾಗಿದಾಗ ಮತ್ತೆ ಎದ್ದು ಬರುತ್ತೆ.

ಹಸಿಯಿದ್ದಾಗ ಉಜ್ಜಬೇಡಿ. ಹಳೇ ಟವೆಲ್ ಇಟ್ಟು ಒತ್ತಿ ಹೀರಿಸಿ. ಆಮೇಲೆ ಸಾಕುಪ್ರಾಣಿ ಸಾಮಾನಿನ ಅಂಗಡಿಯಲ್ಲಿ ಸಿಗುವ ಎನ್‌ಜೈಮ್ ಕ್ಲೀನರ್ ಹಾಕಬೇಕು. ಬಾಟಲಿ ಮೇಲೆ ಬರೆದಷ್ಟು ಹೊತ್ತು ಅದು ಹಸಿಯಾಗಿಯೇ ಇರಬೇಕು. ಎರಡೇ ನಿಮಿಷಕ್ಕೆ ಒರೆಸಿದ್ರೆ ದುಡ್ಡು ದಂಡ. ಬಣ್ಣ ಹೋಗುತ್ತಾ ಅಂತ ಮೊದಲು ಸೀಟಿನ ಮೂಲೆಯಲ್ಲಿ ನೋಡಿಕೊಳ್ಳಿ. ಬಕೆಟ್‌ಗಟ್ಟಲೆ ನೀರು ಸುರಿಯುವುದು ಬೇಡ, ಸೀಟಿನ ಕೆಳಗೆ ವೈರ್‌ಗಳಿರುತ್ತವೆ.

ಬ್ಲೀಚಿಂಗ್ ಪೌಡರ್ ಮಾತ್ರ ಕಾರಿನೊಳಗೆ ತರಲೇಬೇಡಿ. ಮೂತ್ರದ ಅಮೋನಿಯಾ ಜೊತೆ ಸೇರಿದರೆ ವಿಷದ ಗಾಳಿ ಬರುತ್ತದೆ, ಅದೂ ಮುಚ್ಚಿದ ಜಾಗದಲ್ಲಿ.

ಬರೀ ಮೈವಾಸನೆ, ಕೂದಲಾದರೆ ಇಷ್ಟೆಲ್ಲ ಬೇಕಿಲ್ಲ. ವ್ಯಾಕ್ಯೂಮ್ ಮಾಡಿ, ಒಣ ಸೀಟಿನ ಮೇಲೆ ಅಡುಗೆ ಸೋಡಾ ಉದುರಿಸಿ, ರಾತ್ರಿ ಬಿಟ್ಟು ಬೆಳಿಗ್ಗೆ ತೆಗೀರಿ. ಕಿರಾಣಿ ಅಂಗಡಿಯವರು ಬಟ್ಟೆ ಸೋಡಾ ಕೊಟ್ಟಾರು, ಕೇಳಿ ತಗೊಳ್ಳಿ.

ಎಸಿ ಹಾಕಿದಾಗಲೇ ನಾತ ಬಂದ್ರೆ ಕ್ಯಾಬಿನ್ ಫಿಲ್ಟರ್ ನೋಡಿ. ಅನೇಕ ಕಾರುಗಳಲ್ಲಿ ಅದು ಗ್ಲವ್ ಬಾಕ್ಸ್ ಹಿಂದಿರುತ್ತೆ. ಕೂದಲು, ಧೂಳು ತುಂಬಿದ್ದರೆ ಹೊಸದು ಹಾಕಿಸಿ. ಕೊನೆಗೆ ನಾಲ್ಕೂ ಬಾಗಿಲು ತೆಗೆದು ಬಿಸಿಲಿಗೆ ನಿಲ್ಲಿಸಿ, ಫೋಮ್ ಪೂರ್ತಿ ಒಣಗೋವರೆಗೂ ಸೀಟ್ ಕವರ್ ಹಾಕಬೇಡಿ.