ರೊಟ್ಟಿ ಕೊಟ್ಟು ಕಲಿತ ಅಕ್ಷರ

ಫ್ರೆಡರಿಕ್ ಡಗ್ಲಸ್ 1818ರಲ್ಲಿ ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಟಾಲ್ಬಟ್ ಕೌಂಟಿಯಲ್ಲಿ ಹುಟ್ಟಿದ. ತಾಯಿ ಗುಲಾಮಳಾಗಿದ್ದರೆ, ತಂದೆ ಯಾರೇ ಆಗಿರಲಿ, ಮಗುವೂ ಗುಲಾಮನೇ ಎಂಬುದು ಅಲ್ಲಿನ ಕಾನೂನು. ತಾಯಿ ಹ್ಯಾರಿಯೆಟ್ ಬೈಲಿಯನ್ನು ದೂರದ ಹೊಲಗಳ ದುಡಿಮೆಗೆ ಕಳಿಸಿದ್ದರಿಂದ ಮಗು ಅಜ್ಜಿಯ ಮಡಿಲಲ್ಲಿ ಬೆಳೆಯಿತು. ಹಗಲೆಲ್ಲ ದುಡಿದ ತಾಯಿ ರಾತ್ರಿ ಹನ್ನೆರಡು ಮೈಲಿ ನಡೆದು ಬಂದು ಮಗನನ್ನು ಮಲಗಿಸಿ, ಅವನು ಏಳುವ ಮೊದಲೇ ಹೊರಟುಬಿಡುತ್ತಿದ್ದಳು. ಅವನಿಗೆ ಏಳು ವರ್ಷವಾಗುವ ಹೊತ್ತಿಗೆ ಅವಳು ತೀರಿಹೋದಳು.

ಆರನೆಯ ವಯಸ್ಸಿಗೆ ಅವನು ಎಡ್ವರ್ಡ್ ಲಾಯ್ಡ್‌ನ ದೊಡ್ಡ ಜಮೀನಿಗೆ ಬಂದ. ಅಲ್ಲಿ ಮಕ್ಕಳಿಗೆ ಗೋವಿನಜೋಳದ ಗಂಜಿಯನ್ನು ಮರದ ಮರಿಗೆಯಲ್ಲಿ ಸುರಿದು ನೆಲದ ಮೇಲಿಡುತ್ತಿದ್ದರು. ಸಿಂಪಿ ಚಿಪ್ಪು, ಮರದ ಚಕ್ಕೆ, ಬರಿಗೈ, ಯಾವುದು ಸಿಕ್ಕರೆ ಅದರಿಂದ ಬೇಗಬೇಗ ಬಾಚಿ ತಿಂದವರಿಗಷ್ಟೇ ಹೊಟ್ಟೆ ತುಂಬುತ್ತಿತ್ತು. ಉಡಲು ಮೊಣಕಾಲುದ್ದದ ಒಂದು ಒರಟು ನಾರಿನ ಅಂಗಿ. ಚಳಿಗಾಲದಲ್ಲಿ ಅವನು ಜೋಳ ಹೊರುವ ಚೀಲವೊಂದನ್ನು ಕದ್ದು ತಂದು, ಅದರೊಳಗೆ ತಲೆ ತೂರಿಸಿ ಮಲಗುತ್ತಿದ್ದ. ಕಾಲು ಹೊರಗೇ ಉಳಿಯುತ್ತಿತ್ತು. ಚಿಕ್ಕಮ್ಮ ಹೆಸ್ಟರ್‌ಳನ್ನು ಕಟ್ಟಿಹಾಕಿ ರಕ್ತ ಸುರಿಯುವವರೆಗೆ ಚಾವಟಿಯಿಂದ ಹೊಡೆದದ್ದನ್ನು ಕಂಡು ಆ ಹುಡುಗ ಮೂಲೆಯ ಗೂಡಿನೊಳಗೆ ಅವಿತುಕೊಂಡಿದ್ದ. ಮುಂದಿನ ಸರದಿ ತನ್ನದೇ ಎಂದು ಅವನೆಣಿಸಿದ್ದ.

1826ರಲ್ಲಿ ಅವನನ್ನು ಬಾಲ್ಟಿಮೋರ್ ನಗರದ ಹ್ಯೂ ಆಲ್ಡ್ ಮನೆಗೆ ಕಳಿಸಲಾಯಿತು. ಅದುವರೆಗೆ ಗುಲಾಮರನ್ನು ಆಳಿ ಗೊತ್ತಿರದ ಮನೆಯೊಡತಿ ಸೋಫಿಯಾ ಅವನಿಗೆ ಅಕ್ಷರಮಾಲೆ ಹೇಳಿಕೊಡತೊಡಗಿದಳು. ಗಂಡ ತಡೆದ. ಗುಲಾಮನಿಗೆ ಓದು ಕಲಿಸುವುದು ಕಾನೂನಿಗೆ ವಿರುದ್ಧ, ಓದು ಬಂದವನು ಮತ್ತೆ ಗುಲಾಮನಾಗಿ ಉಳಿಯುವುದಿಲ್ಲ ಎಂಬುದು ಅವನ ವಾದ. ದಕ್ಷಿಣದ ಹಲವು ರಾಜ್ಯಗಳಲ್ಲಿ ಇಂಥ ಕಾನೂನುಗಳಿದ್ದವು, ಮೇರಿಲ್ಯಾಂಡಿನಲ್ಲಿ ಇರಲಿಲ್ಲ. ವಾದದ ಎರಡನೆಯ ಭಾಗ ಮಾತ್ರ ನಿಜವಾಗಿತ್ತು, ಹುಡುಗ ಅದನ್ನೇ ಹಿಡಿದುಕೊಂಡ.

ಅಲ್ಲಿಂದಾಚೆಗೆ ಬೀದಿಯೇ ಅವನ ಶಾಲೆ. ಹೊರಗೆ ಕೆಲಸಕ್ಕೆ ಹೋಗುವಾಗ ಪುಸ್ತಕದ ಜೊತೆ ಮನೆಯ ರೊಟ್ಟಿಯನ್ನೂ ಒಯ್ಯುತ್ತಿದ್ದ. ಹಸಿದ ಬಡ ಬಿಳಿಯ ಹುಡುಗರಿಗೆ ಅದನ್ನು ಕೊಟ್ಟು ಒಂದೊಂದೇ ಪಾಠ ಹೇಳಿಸಿಕೊಳ್ಳುತ್ತಿದ್ದ. ಗುಲಾಮನಿಗೆ ಹೊಟ್ಟೆ ತುಂಬ ರೊಟ್ಟಿ, ಸ್ವತಂತ್ರರ ಮಕ್ಕಳಿಗೆ ಹಸಿವು: ಆ ಬೀದಿಯ ವಿಪರ್ಯಾಸ ಅದು. ಬರವಣಿಗೆಗೆ ಹಡಗುಕಟ್ಟೆ ನೆರವಾಯಿತು. ಬಡಗಿಗಳು ಪ್ರತಿ ಮರದ ತುಂಡಿನ ಮೇಲೂ ಅದು ಹಡಗಿನ ಯಾವ ಭಾಗಕ್ಕೆ ಸೇರಬೇಕೆಂದು ಅಕ್ಷರ ಗೀಚುತ್ತಿದ್ದರು. ಎಡಬದಿಗೆ ‘ಎಲ್’, ಬಲಬದಿಗೆ ‘ಎಸ್’, ಮುಂಭಾಗಕ್ಕೆ ‘ಎಫ್’, ಹಿಂಭಾಗಕ್ಕೆ ‘ಎ’. ಈ ನಾಲ್ಕನ್ನು ತಿದ್ದಿಕೊಂಡ ಮೇಲೆ, ಓರಗೆಯ ಹುಡುಗರೊಡನೆ ಪಂದ್ಯ ಕಟ್ಟಿ ಉಳಿದವನ್ನು ಬರೆಯಿಸಿಕೊಂಡ. ಗೋಡೆ, ಬೇಲಿ, ಕಲ್ಲುಹಾಸು ಅವನ ಹಲಗೆ, ಸೀಮೆಸುಣ್ಣವೇ ಲೇಖನಿ. ಒಡೆಯನ ಮಗ ಶಾಲೆಯಲ್ಲಿ ಬರೆದು ಮುಗಿಸಿದ ಪುಸ್ತಕಗಳ ಸಾಲುಗಳ ನಡುವೆ, ಮನೆಯವರು ಇಲ್ಲದಾಗ, ಅವನೂ ಬರೆದ.

ಹನ್ನೆರಡರ ಸುಮಾರಿಗೆ ಅವನು ‘ಕೊಲಂಬಿಯನ್ ಆರೇಟರ್’ ಎಂಬ ಭಾಷಣ ಸಂಗ್ರಹವನ್ನು ಕೊಂಡ. ಅದರಲ್ಲಿ ಗುಲಾಮ ಮತ್ತು ಒಡೆಯನ ಸಂವಾದವೊಂದಿತ್ತು. ಓದಿದಷ್ಟೂ ಸಂಕಟ ಹೆಚ್ಚಿತು. ಓದು ಬಾರದ ಜೊತೆಗಾರರನ್ನು ಕಂಡು ಹೊಟ್ಟೆಕಿಚ್ಚುಪಟ್ಟ ದಿನಗಳೂ ಇದ್ದವೆಂದು ಅವನು ಬರೆದುಕೊಂಡಿದ್ದಾನೆ. ಮತ್ತೆ ಹಳ್ಳಿಗೆ ಕಳಿಸಿದಾಗ ಅವನು ನಡೆಸಿದ ಭಾನುವಾರದ ಶಾಲೆಯನ್ನು ಬಿಳಿಯರು ದೊಣ್ಣೆ ಹಿಡಿದು ಮುಚ್ಚಿಸಿದರು. 1834ರಲ್ಲಿ ಗುಲಾಮರನ್ನು ಬಗ್ಗಿಸುವುದಕ್ಕೆ ಹೆಸರಾಗಿದ್ದ ಎಡ್ವರ್ಡ್ ಕೋವಿಯ ಬಳಿ ತಿಂಗಳುಗಟ್ಟಲೆ ಹೊಡೆತ ತಿಂದು, ಕೊನೆಗೆ ತಿರುಗಿ ಬಿದ್ದ.

ಮುಂದೆ ಮತ್ತೆ ಬಾಲ್ಟಿಮೋರಿಗೆ ಮರಳಿದ ಅವನು 1838ರ ಸೆಪ್ಟೆಂಬರ್ 3ರಂದು ಅಲ್ಲಿಂದ ತಪ್ಪಿಸಿಕೊಂಡ. ಡಗ್ಲಸ್ ಎಂಬ ಹೆಸರು ಆಮೇಲಿನದು. 1845ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಒಡೆಯರ ಹೆಸರುಗಳನ್ನೂ ಬರೆದದ್ದರಿಂದ ಮತ್ತೆ ಸೆರೆ ಸಿಗುವ ಭಯ ಉಂಟಾಗಿ ಬ್ರಿಟನ್ನಿಗೆ ಹೋಗಬೇಕಾಯಿತು. ಅಲ್ಲಿನ ಸ್ನೇಹಿತರು 1846ರಲ್ಲಿ ಹಣ ಕೂಡಿಸಿ, ಆಲ್ಡ್ ಮನೆತನಕ್ಕೆ 150 ಪೌಂಡ್ ಕೊಟ್ಟು ಅವನನ್ನು ಕಾನೂನಿನ ಲೆಕ್ಕದಲ್ಲಿ ಬಿಡಿಸಿದರು.