ಹಳೇ ಆಟದ ಋಣ, ಹೊಸ ಆಟಕ್ಕೆ ಚಂದಾ

ಇಲ್ಲಿ ಏನನ್ನೂ ಬರೆಯದೆ ಮೂರು ತಿಂಗಳಾಯ್ತು. ಕಾರಣ ಕೇಳಬೇಡಿ, ಶುದ್ಧ ಸೋಮಾರಿತನ :-) ಹೋದ ವಾರ ಅಟ್ಟದ ಮೇಲಿನ ಪೆಟ್ಟಿಗೆ ತೆಗೆದಾಗ ಒಂದು ಹಳೇ ಸಿ.ಡಿ. ಸಿಕ್ಕಿತು. 'ಗ್ರಿಮ್ ಫಂಡ್ಯಾಂಗೋ'. 1998ರ ಕಂಪ್ಯೂಟರ್ ಆಟ. ಹಾಸ್ಟೆಲಿನಲ್ಲಿ ನಾಲ್ಕು ಜನ ಒಂದೇ ಮಾನಿಟರಿನ ಮುಂದೆ ಕೂತು ರಾತ್ರಿಯೆಲ್ಲ ಆಡಿದ್ದು. ಅದರಲ್ಲಿ ಗುಂಡು ಹಾರಿಸಿ ಅಂಕ ಗಳಿಸೋದಿಲ್ಲ. ಸತ್ತವರ ಲೋಕದಲ್ಲಿ ಟ್ರಾವೆಲ್ ಏಜೆಂಟ್ ಆಗಿರೋ ಮ್ಯಾನಿ ಅನ್ನೋ ಅಸ್ಥಿಪಂಜರ, ಅವನಿಗೊಂದು ಕಥೆ, ದಾರಿಯಲ್ಲಿ ಬಿಡಿಸಬೇಕಾದ ಒಗಟುಗಳು, ಅಷ್ಟೆ. ನಮ್ಮ ಸಿ.ಡಿ. ಮಾತ್ರ ಅಸಲಿ ಅಲ್ಲ, ಯಾರೋ ನಕಲು ಮಾಡಿಕೊಟ್ಟಿದ್ದು. ಆ ಆಟ ಮಾಡಿದವನಿಗೆ ನನ್ನಿಂದ ಒಂದು ಪೈಸೆಯೂ ಹೋಗಿರಲಿಲ್ಲ.

ಮಾಡಿದವನ ಹೆಸರು ಟಿಮ್ ಶೇಫರ್. ಲ್ಯೂಕಾಸ್ ಆರ್ಟ್ಸ್ ಕಂಪನಿಯಲ್ಲಿ 'ಮಂಕಿ ಐಲ್ಯಾಂಡ್', 'ಫುಲ್ ಥ್ರಾಟಲ್' ಥರದ ಆಟಗಳ ಹಿಂದೆ ಇದ್ದವನು. ಅಷ್ಟು ಹೊತ್ತಿಗೆ ಕಥೆ-ಒಗಟಿನ ಆಟಗಳ ಕಾಲ ಮುಗಿಯುತ್ತಾ ಬಂದಿತ್ತು. 2000ದಲ್ಲಿ ಆತ ಅಲ್ಲಿಂದ ಹೊರಬಿದ್ದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 'ಡಬಲ್ ಫೈನ್' ಅಂತ ಸ್ವಂತ ಕಂಪನಿ ಶುರು ಮಾಡಿದ. 2005ರಲ್ಲಿ ಬಂದ 'ಸೈಕೋನಾಟ್ಸ್' ಆಟವನ್ನ ವಿಮರ್ಶಕರು ತಲೆ ಮೇಲೆ ಹೊತ್ತುಕೊಂಡರು, ಆದರೆ ಅಂಗಡಿಯಲ್ಲಿ ಹೆಚ್ಚು ಮಾರಾಟ ಆಗಲಿಲ್ಲ. ಆಟ ಮಾಡೋಕೆ ಹಣ ಕೊಡೋರು ಪಬ್ಲಿಷರ್ ಕಂಪನಿಗಳು. ಕೊಟ್ಟಿದ್ದನ್ನ ಮಾರಾಟದಿಂದ ಮೊದಲು ಅವರು ಮುರಿದುಕೊಳ್ತಾರೆ, ಎಷ್ಟೋ ಸಲ ಆಟದ ಹಕ್ಕೂ ಅವರದ್ದೇ. ಹಳೇ ಥರದ ಆಟ ಮಾಡ್ತೀನಿ ಅಂತ ಹೋದರೆ ಅವರು ನಕ್ಕು ಕಳಿಸ್ತಾರೆ ಅನ್ನೋದು ಶೇಫರ್‌ಗೂ ಗೊತ್ತಿತ್ತು.

ಹಾಗಾಗಿ 2012ರ ಫೆಬ್ರವರಿ 8ರಂದು ಕಿಕ್‌ಸ್ಟಾರ್ಟರ್ ಅನ್ನೋ ತಾಣದಲ್ಲಿ ಒಂದು ವಿಡಿಯೋ ಹಾಕಿ ಜನರ ಹತ್ತಿರವೇ ಕೈಚಾಚಿದ. ಆ ತಾಣ ಶುರುವಾಗಿದ್ದು 2009ರಲ್ಲಿ. ಗುರಿ ಮುಟ್ಟಿದರೆ ಮಾತ್ರ ಹಣ, ಇಲ್ಲದಿದ್ದರೆ ಯಾರ ಕಾರ್ಡಿನಿಂದಲೂ ಒಂದು ಕಾಸೂ ಹೋಗೋದಿಲ್ಲ, ಇದು ಅಲ್ಲಿನ ನಿಯಮ. ಶೇಫರ್ ಕೇಳಿದ್ದು 4 ಲಕ್ಷ ಡಾಲರ್: 3 ಲಕ್ಷ ಆಟಕ್ಕೆ, 1 ಲಕ್ಷ ಆಟ ತಯಾರಾಗೋದನ್ನ ಚಿತ್ರೀಕರಿಸೋ ಸಾಕ್ಷ್ಯಚಿತ್ರಕ್ಕೆ. ಒಂಬತ್ತು ಗಂಟೆಯೊಳಗೆ ಗುರಿ ಮುಟ್ಟಿತು. ಒಂದು ದಿನ ತುಂಬೋದರೊಳಗೆ 10 ಲಕ್ಷ. ಮಾರ್ಚಿ 13ಕ್ಕೆ ಮುಗಿದಾಗ 87,142 ಜನ, 33 ಲಕ್ಷ ಡಾಲರ್! ಆಟದ ಹೆಸರೂ ಆಗ ತೀರ್ಮಾನ ಆಗಿರಲಿಲ್ಲ, ಕಥೆಯಂತೂ ಇರಲೇ ಇಲ್ಲ.

ಆ 87,142ರಲ್ಲಿ ನಾನಿಲ್ಲ, ಆದರೆ ನನ್ನ 15 ಡಾಲರ್ ಇದೆ. ಅಮೆರಿಕದಲ್ಲಿದ್ದ ಹಾಸ್ಟೆಲ್ ಗೆಳೆಯನಿಗೆ ಫೋನ್ ಮಾಡಿ "ಲೋ, ನನ್ನ ಹೆಸರಲ್ಲೂ ಒಂದು ಹಾಕೋ" ಅಂದಿದ್ದೆ. ಮುಂದೆ ಬರೋ ಆಟಕ್ಕೆ ಅಂತ ನಾನು ಹಣ ಹಾಕಿಸಲಿಲ್ಲ. ಆಡಿ ಮುಗಿಸಿದ್ದ ಆಟದ ಋಣ ಅದು. ಅಲ್ಲಿ ಹಣ ಹಾಕಿದ ಎಷ್ಟೋ ಜನರದ್ದೂ ಇದೇ ಕಥೆ ಇರಬೇಕು ಅಂತ ನನ್ನ ಗುಮಾನಿ. ಅದೇ ವಿಡಿಯೋವನ್ನ ಹೆಸರಿಲ್ಲದ ಹುಡುಗನೊಬ್ಬ ಹಾಕಿದ್ದರೆ 4 ಸಾವಿರವಾದರೂ ಹುಟ್ಟುತ್ತಿತ್ತೋ ಇಲ್ಲವೋ.

ನಮ್ಮೂರ ಜಾತ್ರೆ ನಾಟಕಕ್ಕೂ ಪಟ್ಟಿ ಎತ್ತೋದು ಹೀಗೇ. ಹಾರ್ಮೋನಿಯಂ ಮೇಷ್ಟ್ರು ಬಂದರೆ ಇಲ್ಲ ಅನ್ನೋರಿಲ್ಲ, ಯಾಕಂದ್ರೆ ಹೋದ ವರ್ಷದ ನಾಟಕ ಇನ್ನೂ ಕಣ್ಣಲ್ಲಿರುತ್ತೆ. ಒಂದು ವರ್ಷ ಲೆಕ್ಕಕ್ಕಿಂತ ಜಾಸ್ತಿ ದುಡ್ಡು ಸೇರಿತು. ನಮ್ಮ ಚಿಕ್ಕಪ್ಪನವರು ಹುಬ್ಬಳ್ಳಿಯಿಂದ ಹೊಸ ಪರದೆ, ಇನ್ನೊಂದು ಸೆಟ್ ವೇಷ, ಜಾಸ್ತಿ ಲೈಟು ತರಿಸಿದರು. ನಾಟಕ ಶುರುವಾಗಿದ್ದೇ ಬೆಳಗಿನ ಜಾವ. ಕೊನೆಗೆ ಲೈಟಿನವನಿಗೆ ಚಿಕ್ಕಪ್ಪ ಕೈಯಿಂದ ಕೊಟ್ಟರು.

ಶೇಫರ್ ಮಾಡಿದ್ದೂ ಅದನ್ನೇ. ಎಂಟು ಪಟ್ಟು ದುಡ್ಡು ಬಂತು ಅಂತ ಎಂಟು ಪಟ್ಟಿಗಿಂತ ದೊಡ್ಡ ಆಟ ಯೋಚಿಸಿದ. 2012ರ ಅಕ್ಟೋಬರಿಗೆ ಕೊಡ್ತೀನಿ ಅಂದಿದ್ದು ಬರಲಿಲ್ಲ. 2013ರ ಜುಲೈನಲ್ಲಿ ಹಣ ಹಾಕಿದವರಿಗೆ ಒಂದು ಪತ್ರ ಬಂತು: ಆಟ ಅಂದುಕೊಂಡಿದ್ದಕ್ಕಿಂತ ದೊಡ್ಡದಾಗಿದೆ, ಎರಡು ಭಾಗ ಮಾಡ್ತೀವಿ, ಮೊದಲ ಭಾಗ ಮಾರಿದ ಹಣದಲ್ಲಿ ಎರಡನೆಯದು. 'ಬ್ರೋಕನ್ ಏಜ್' ಅನ್ನೋ ಹೆಸರಿನಲ್ಲಿ ಮೊದಲ ಭಾಗ 2014ರ ಜನವರಿಗೆ ಬಂತು, ಎರಡನೆಯದು 2015ರ ಏಪ್ರಿಲಿಗೆ. ಕೆಲವರು ಬೈದರು. ನನಗೇನೂ ಬೇಜಾರಾಗಲಿಲ್ಲ. ನಿಜ ಹೇಳಬೇಕಂದ್ರೆ ಆಟಕ್ಕಿಂತ ಸಾಕ್ಷ್ಯಚಿತ್ರವೇ ಚೆನ್ನಾಗಿತ್ತು! ಲೆಕ್ಕ ತಪ್ಪಿದೆ ಅಂತ ಗೊತ್ತಾದಾಗ ಮೀಟಿಂಗಿನಲ್ಲಿ ಕೂತವರ ಮುಖ ಹೇಗಾಯ್ತು ಅನ್ನೋದನ್ನೂ ಮುಚ್ಚಿಡದೆ ತೋರಿಸಿದರು. ಪಟ್ಟಿ ಹಾಕಿದವರಿಗೆ ಹೀಗೆ ಲೆಕ್ಕ ಒಪ್ಪಿಸಿದ್ದನ್ನ ನಾನು ಬೇರೆಲ್ಲೂ ನೋಡಿಲ್ಲ.

ಈ ಸುದ್ದಿ ಕೇಳಿದ ಮೇಲೆ ಹಳೇ ಹುಲಿಗಳೆಲ್ಲ ಒಬ್ಬೊಬ್ಬರಾಗಿ ಹೊರಬಂದರು. 1988ರ 'ವೇಸ್ಟ್‌ಲ್ಯಾಂಡ್' ಖ್ಯಾತಿಯ ಬ್ರಯಾನ್ ಫಾರ್ಗೋ ಅದೇ ಮಾರ್ಚಿಯಲ್ಲಿ ಶುರು ಮಾಡಿ 29 ಲಕ್ಷ ಡಾಲರ್ ಎತ್ತಿದ. ಒಬ್ಸಿಡಿಯನ್ ಕಂಪನಿ ಸುಮಾರು 40 ಲಕ್ಷ ಎತ್ತಿ 'ಪಿಲ್ಲರ್ಸ್ ಆಫ್ ಎಟರ್ನಿಟಿ' ಕೊಟ್ಟಿತು. 'ಮೆಗಾ ಮ್ಯಾನ್' ಆಟಗಳ ಕೇಜಿ ಇನಾಫುನೆ 38 ಲಕ್ಷ ತಗೊಂಡು, ಮತ್ತೆ ಮತ್ತೆ ಮುಂದೂಡಿ 2016ರಲ್ಲಿ ಕೊಟ್ಟ ಆಟ ಸಪ್ಪೆ ಅಂತ ಜನ ಮೂಗು ಮುರಿದರು. ಇನ್ನು 'ವಿಂಗ್ ಕಮಾಂಡರ್' ಮಾಡಿದ ಕ್ರಿಸ್ ರಾಬರ್ಟ್ಸ್ ಕಥೆ ಬೇರೆಯೇ. 2012ರಲ್ಲಿ ಅವನು ಶುರು ಮಾಡಿದ 'ಸ್ಟಾರ್ ಸಿಟಿಜನ್'ಗೆ ಜನ ಕೊಟ್ಟಿದ್ದು 2024ರಲ್ಲಿ 70 ಕೋಟಿ ಡಾಲರ್ ದಾಟಿತು. ಆಗಲೂ ಆಟ ಪೂರ್ತಿಯಾಗಿ ಬಿಡುಗಡೆಯಾಗಿರಲಿಲ್ಲ. ಇದಕ್ಕೆ ನಾನೇನು ಹೇಳಲಿ..

ನನಗೆ ಕಸಿವಿಸಿಯಾಗಿದ್ದು 'ವೆರೋನಿಕಾ ಮಾರ್ಸ್' ವಿಷಯದಲ್ಲಿ. 2007ರಲ್ಲಿ ನಿಂತುಹೋದ ಟೀವಿ ಧಾರಾವಾಹಿ ಅದು. 2013ರ ಮಾರ್ಚಿಯಲ್ಲಿ ಅದನ್ನ ಸಿನಿಮಾ ಮಾಡೋಕೆ 91,585 ಜನ 57 ಲಕ್ಷ ಡಾಲರ್ ಕೊಟ್ಟರು. ಧಾರಾವಾಹಿಯ ಹಕ್ಕು ಇದ್ದಿದ್ದು ವಾರ್ನರ್ ಬ್ರದರ್ಸ್ ಅನ್ನೋ ಆನೆಯ ಹತ್ತಿರ. ಚಂದಾ ಅಭಿಮಾನಿಗಳದ್ದು, ಸಿನಿಮಾ ಕಂಪನಿಯದ್ದು. ಅಭಿಮಾನಿಗಳಿಗೆ ಟೀ ಶರ್ಟು, ಸಿನಿಮಾದ ಪ್ರತಿ. ಸಂತೋಷದಿಂದಲೇ ಕೊಟ್ಟರಲ್ಲ, ನಿಮಗೇನು ಅಂತೀರಾ? ಹೌದು, ನನಗೇನೂ ಇಲ್ಲ. ಆದರೂ..

ಇದೇ ಹೊತ್ತಿಗೆ ನಮ್ಮಲ್ಲಿ ಪವನ್ ಕುಮಾರ್ ಮಾಡಿದ್ದು ನೆನಪಿದೆಯಲ್ಲ? 'ಲೈಫು ಇಷ್ಟೇನೆ' ಆದ ಮೇಲೂ 'ಲೂಸಿಯಾ'ಕ್ಕೆ ನಿರ್ಮಾಪಕರು ಸಿಗದೆ ತಮ್ಮ ಬ್ಲಾಗಿನಲ್ಲೇ ಸಂಕಟ ಬರೆದುಕೊಂಡರು. 27 ದಿನದಲ್ಲಿ 110 ಜನರಿಂದ 51 ಲಕ್ಷ ರೂಪಾಯಿ ಸೇರಿತು, 2013ರ ಸೆಪ್ಟೆಂಬರಿನಲ್ಲಿ ಸಿನಿಮಾ ಬಂತು. ಆ 110 ಜನರನ್ನ ಕರೆದಿದ್ದು ಹೂಡಿಕೆದಾರರು ಅಂತ. ಕಿಕ್‌ಸ್ಟಾರ್ಟರಿನಲ್ಲಿ ಆ ಮಾತೇ ಇಲ್ಲ.

ಈ ವ್ಯತ್ಯಾಸ ಶೇಫರ್‌ಗೂ ಹೊಳೆದಿರಬೇಕು. 2015ರಲ್ಲಿ ಶುರುವಾದ ಫಿಗ್ ಅನ್ನೋ ತಾಣದಲ್ಲಿ ಬರೀ ಚಂದಾ ಅಲ್ಲದೆ ಹೂಡಿಕೆಯನ್ನೂ ಮಾಡಬಹುದಿತ್ತು. ಅದರ ಸಲಹೆಗಾರರಲ್ಲಿ ಅವನೂ ಫಾರ್ಗೋನೂ ಇದ್ದರು. 'ಸೈಕೋನಾಟ್ಸ್ 2' ಆಟಕ್ಕೆ ಅಲ್ಲೇ 38 ಲಕ್ಷ ಡಾಲರ್ ಸೇರಿತು. ಆಟ ಇನ್ನೂ ತಯಾರಾಗ್ತಿದ್ದಾಗಲೇ, 2019ರ ಜೂನಿನಲ್ಲಿ, ಡಬಲ್ ಫೈನ್ ಕಂಪನಿಯನ್ನೇ ಮೈಕ್ರೋಸಾಫ್ಟ್ ಕೊಂಡುಕೊಂಡಿತು. ಅದಕ್ಕೆ ಮೊದಲೇ, 2018ರ ನವೆಂಬರಿನಲ್ಲಿ, ಫಾರ್ಗೋನ ಕಂಪನಿಯನ್ನೂ ಒಬ್ಸಿಡಿಯನ್ನನ್ನೂ ಅದೇ ಮೈಕ್ರೋಸಾಫ್ಟ್ ಕೊಳ್ಳೋದಾಗಿ ಘೋಷಿಸಿತ್ತು. ದೊಡ್ಡವರ ಹಂಗು ಬೇಡ ಅಂತ ಜನರ ಹತ್ತಿರ ಬಂದ ಮೂರೂ ಮನೆ, ಎಲ್ಲಕ್ಕಿಂತ ದೊಡ್ಡವರಲ್ಲೊಬ್ಬರ ಮನೆ ಸೇರಿದವು. 2012ರಲ್ಲಿ 15 ಡಾಲರ್ ಹಾಕಿದವರನ್ನ ಯಾರೂ ಕೇಳಲಿಲ್ಲ, ಕೇಳಬೇಕು ಅಂತಲೂ ಇರಲಿಲ್ಲ. ನೂರಾರು ಜನರ ಸಂಬಳ ನಡೆಸೋನ ಕಷ್ಟ ಅವನಿಗೇ ಗೊತ್ತು. 2021ರ ಆಗಸ್ಟಿನಲ್ಲಿ ಬಂದ 'ಸೈಕೋನಾಟ್ಸ್ 2' ಮಾತ್ರ ಸೊಗಸಾಗಿದೆ, ಬಿಡುವಿದ್ದರೆ ಆಡಿ.

ಸಿ.ಡಿ.ಯ ಫೋಟೋ ತೆಗೆದು ಆ ಗೆಳೆಯನಿಗೆ ಕಳಿಸಿದೆ. ಐದೇ ನಿಮಿಷದಲ್ಲಿ ಉತ್ತರ ಬಂತು: "ಮೊದಲು ನನ್ನ 15 ಡಾಲರ್ ಕೊಡೋ ಮಾರಾಯ!"